ಬಟ್ಟೆ ಕೂರುವ ಕುರ್ಚಿ

ಆ ಮನೆಯ ಊಟದ ಮೇಜಿಗೆ ನಾಲ್ಕು ಕುರ್ಚಿಗಳಿದ್ದವು. ಒಂದರಲ್ಲಿ ಮಾವ, ಒಂದರಲ್ಲಿ ಗಂಡ. ಇನ್ನೊಂದರ ಮೇಲೆ ಹಳೆಯ ಪೇಪರುಗಳು, ಕೊನೆಯದರ ಮೇಲೆ ಒಗೆದು ಮಡಚದ ಬಟ್ಟೆ. ಅತ್ತೆ, ಸೊಸೆ ನಿಂತು ಬಡಿಸುತ್ತಿದ್ದರು. ಗಂಡಸರು ಉಂಡು ಕೈ ತೊಳೆದ ಮೇಲೆ ಒಲೆಯ ಪಕ್ಕ ನೆಲದ ಮೇಲೆ ಕೂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಹಂಚಿಕೊಳ್ಳುತ್ತಿದ್ದರು. ಉಳಿಯದ ದಿನ ಚಹಾ. ಇದನ್ನು ಆ ಮನೆಯಲ್ಲಿ ಯಾರೂ ಉಪವಾಸ ಎನ್ನುತ್ತಿರಲಿಲ್ಲ, ಪದ್ಧತಿ ಎನ್ನುತ್ತಿದ್ದರು.

ಸೊಸೆಗೆ ಲಾ ಕಾಲೇಜು ಸೇರುವ ಆಸೆ. ಮದುವೆಗೆ ಮುಂಚೆ ಹುಟ್ಟಿದ್ದು, ಮದುವೆಯಾದ ಮೇಲೂ ಸಾಯಲಿಲ್ಲ. ಮಾರುಕಟ್ಟೆಗೆ ಹೋಗುವಾಗ ಸುತ್ತಾದರೂ ಕಾಲೇಜಿನ ದಾರಿಯನ್ನೇ ಹಿಡಿಯುತ್ತಿದ್ದಳು. ಕಿಟಕಿಯೊಳಗೆ ಹುಡುಗಿಯರು ಬೆಂಚಿಗೆ ಮೊಣಕೈಯೂರಿ ಕೂತಿರುವುದು ಕಾಣುತ್ತಿತ್ತು. ಅವರು ಏನು ಓದುತ್ತಾರೆ ಎನ್ನುವುದಕ್ಕಿಂತ, ಹಾಗೆ ನಿರಾಳವಾಗಿ ಕೂತಿರುವುದೇ ಅವಳ ಕಣ್ಣಲ್ಲಿ ನಿಲ್ಲುತ್ತಿತ್ತು.

ಹೋದ ವರ್ಷ ಪ್ರವೇಶ ಪರೀಕ್ಷೆಗೆ ಕೂತಿದ್ದಳು. ರೈಲ್ವೆ ಗಾರ್ಡಾಗಿ ಜೀವಮಾನವೆಲ್ಲ ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಬಿಟ್ಟ ಮಾವ, ಅಂದು ಪೇಪರು ಓದಿ ಮುಗಿಯದೆ ಊಟಕ್ಕೆ ಏಳಲಿಲ್ಲ. ಅವಳು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಓಡಿದಳು. ಅರ್ಧ ಬರೆಯುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಡೆಸ್ಕಿಗೆ ತಲೆಯಾನಿಸಿದವಳು ಎಚ್ಚರಗೊಂಡಾಗ ಉತ್ತರ ಪತ್ರಿಕೆಗಳನ್ನು ಒಟ್ಟುಮಾಡುತ್ತಿದ್ದರು.

"ಹೆಂಗಸರಿಗೆ ಕಾನೂನು ಜೀರ್ಣ ಆಗಲ್ಲ" ಎಂದರು ಮಾವ. ಜೀರ್ಣವಾಗಲು ಹೊಟ್ಟೆಯಲ್ಲಿ ಏನೂ ಇರಲಿಲ್ಲವೆಂದು ಯಾರೂ ಹೇಳಲಿಲ್ಲ.

ಈ ವರ್ಷ ಮತ್ತೆ ತಯಾರಿ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬೀದಿ ಕೊನೆಯ ಲೈಬ್ರರಿಗೆ ಓಡುತ್ತಿದ್ದಳು. ಅಲ್ಲಿ ಪುಸ್ತಕ ಕೊಡುವ ಅಕ್ಕನೇ ಅವಳಿಗೆ ಪಾಠ ಹೇಳುತ್ತಿದ್ದವಳು. ಒಂದು ದಿನ ಅಕ್ಕ ತರ್ಕದ ಒಂದು ಪ್ರಶ್ನೆ ಕೊಟ್ಟಳು: ಒಂದೇ ಮನೆಯ ಮೂವರು ಗಂಡಸರು, ಮೂವರು ಹೆಂಗಸರು ಮೇಜಿನ ಸುತ್ತ ಊಟಕ್ಕೆ ಕೂತಿದ್ದಾರೆ, ಯಾರ ಎದುರು ಯಾರು? ಅವಳು ಚಿತ್ರ ಬರೆದು ತೋರಿಸಿದಳು.

"ಮೂರೇ ಕುರ್ಚಿ ಬರೆದಿದ್ದೀಯಲ್ಲೇ. ಉಳಿದ ಮೂವರು ಎಲ್ಲಿ?"

"ಅವರು ಹೆಂಗಸರಲ್ವಾ ಅಕ್ಕಾ?"

"ಆದ್ರೇನು?"

"ಎಲ್ಲರೂ ಕೂತ್ರೆ ಬಡಿಸೋರು ಯಾರು?"

ನಗಲು ಬಾಯಿ ತೆರೆದ ಅಕ್ಕ ಹಾಗೇ ಮುಚ್ಚಿದಳು. "ನಿಂಗೆ ತರ್ಕ ಬರಲ್ಲ ಅಂತಲ್ಲ ಕಣೆ. ನಿಮ್ಮನೆ ತರ್ಕ ಚೆನ್ನಾಗಿ ಬಾಯಿಪಾಠ ಆಗಿಬಿಟ್ಟಿದೆ. ನಾಳೆ ಊರವರಿಗೆಲ್ಲ ನ್ಯಾಯ ಕೇಳೋಳು, ಇವತ್ತು ನಿಂಗೊಂದು ತಟ್ಟೆ ಕೇಳೋಕಾಗಲ್ವಾ?"

ಅಂದು ಸಂಜೆ ಕೇಳಿಯೇ ಬಿಟ್ಟಳು. "ಅತ್ತೆ, ಪರೀಕ್ಷೆ ದಿನ ನಾನು ಮುಂಚೆ ಉಂಡು ಹೋಗ್ಲಾ?"

"ಗಂಡಸರಿಗಿಂತ ಮುಂಚೆನಾ? ನಾನು ಬಸುರಿ ಇದ್ದಾಗ್ಲೂ ಉಂಡೋಳಲ್ಲ. ಎರಡನೇದು ಉಳೀಲಿಲ್ಲ, ಆದ್ರೂ ಪದ್ಧತಿ ಬಿಡಲಿಲ್ಲ."

ಅತ್ತೆ ಹೆಮ್ಮೆಯಿಂದಲೇ ಹೇಳಿದರು. "ಉಳೀಲಿಲ್ಲ" ಎನ್ನುವಾಗ ಮಾತ್ರ ಸೌಟು ತೊಳೆಯುತ್ತಿದ್ದ ಕೈ ನಿಂತಿತ್ತು.

ಗಂಡ "ಒಂದಿನ ತಾನೆ, ಹೊಂದ್ಕೊಂಡು ಹೋಗು. ಅಪ್ಪನ ಸ್ವಭಾವ ಗೊತ್ತಲ್ಲ" ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.

ಪರೀಕ್ಷೆಯ ಬೆಳಿಗ್ಗೆ ಅವಳು ಬೇಗ ಅಡುಗೆ ಮುಗಿಸಿದಳು. ಕುರ್ಚಿಯ ಮೇಲಿದ್ದ ಬಟ್ಟೆಯನ್ನು ಎತ್ತಿ ಮಂಚಕ್ಕೆ ಹಾಕಿದಳು. ತಟ್ಟೆಗೆ ಅನ್ನ ಬಡಿಸಿಕೊಂಡು ಬಂದು ಕೂತಳು.

ಮಾವ ಪೇಪರು ಕೆಳಗಿಳಿಸಿದರು. "ಏನು ವಕೀಲಮ್ಮ, ದಾರಿ ತಪ್ಪಿ ಕೂತ್ಯಾ?"

"ಇಲ್ಲ ಮಾವ. ಹಸಿವಾಗಿದೆ. ನೀವೂ ಬನ್ನಿ, ಒಟ್ಟಿಗೇ ಆಗುತ್ತೆ. ನಿಮ್ಮ ಗಾಡಿ ಯಾವತ್ತೂ ತಡ ಆಗಿಲ್ಲ ಅಂತೀರಲ್ಲ, ಇವತ್ತು ನಂದೂ ತಡ ಆಗಬಾರದು."

"ಈ ಮನೆ ಪದ್ಧತಿ ಬೇಡ ಅನ್ನೋರಿಗೆ ಈ ಮನೆ ಅನ್ನನೂ ಬೇಡ."

"ಬೇಯಿಸಿದ್ದು ನಾನು ಮಾವ."

ಗಂಡ ತನ್ನ ಖಾಲಿ ತಟ್ಟೆಯನ್ನು ನೋಡುತ್ತ ಕೂತ. ಅವಳು ತುತ್ತು ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು. ಆ ಮನೆಗೆ ಬಂದ ಮೇಲೆ ಹಬೆಯಾಡುವ ಅನ್ನವನ್ನು ಬಡಿಸಿದ್ದಳೇ ಹೊರತು ಉಂಡಿರಲಿಲ್ಲ. ಊದಿ ಆರಿಸಿಕೊಂಡು ಉಣ್ಣಬೇಕೆಂಬುದೇ ಮರೆತುಹೋಗಿತ್ತು. ಹೊಟ್ಟೆ ತುಂಬುವವರೆಗೆ ಉಂಡಳು.

ಚಪ್ಪಲಿ ಮೆಟ್ಟಿ ಒಮ್ಮೆ ಹಿಂದೆ ನೋಡಿದಳು. ಬಟ್ಟೆಯನ್ನು ಮತ್ತೆ ಕುರ್ಚಿಗೆ ಹಾಕಲು ಅತ್ತೆ ಎತ್ತಿಕೊಂಡು ಬಂದಿದ್ದರು.

"ಕೂತ್ಕೊಳ್ಳಿ ಅತ್ತೆ. ಅನ್ನ ಇನ್ನೂ ಬಿಸಿ ಇದೆ."

ಅತ್ತೆ ಕೂರಲಿಲ್ಲ. ಬಟ್ಟೆಯನ್ನೂ ಹಾಕಲಿಲ್ಲ. ಅದನ್ನು ಮಗುವಿನಂತೆ ಎದೆಗವಚಿಕೊಂಡು, ಖಾಲಿ ಕುರ್ಚಿಯನ್ನು ನೋಡುತ್ತ ನಿಂತೇ ಇದ್ದರು.