ಕಿಟಕಿ ಪಕ್ಕದ ಮೇಜಿನ ಕಾನೂನು

ಮರಗೆಲಸದ ಆ ಶೆಡ್ಡಿಗೆ ಇದ್ದದ್ದು ಒಂದೇ ಕಿಟಕಿ, ಅದರ ಪಕ್ಕದ ಮೇಜು ಕೆತ್ತನೆಗಾರನದು. ಉಳಿದವರೆಲ್ಲ ತಲೆಯ ಮೇಲೆ ತೂಗುವ ದೀಪಗಳ ಹಳದಿ ಬೆಳಕಿನಲ್ಲಿ ದುಡಿಯುತ್ತಿದ್ದರೆ, ಅವನ ಮೇಜಿನ ಮೇಲೆ ಮಾತ್ರ ಹಗಲು ಧಾರಾಳವಾಗಿ ಸುರಿಯುತ್ತಿತ್ತು. ಅವನ ಕಣ್ಣು ಮಂಜಾಗತೊಡಗಿ ಕೆಲವು ವರ್ಷಗಳೇ ಆಗಿದ್ದವು. ಎಲೆಯ ನರ ಎಲ್ಲಿ ಮುಗಿಯಿತು, ತುದಿ ಎಲ್ಲಿ ತೊಡಗಿತು ಎಂಬುದನ್ನು ಈಗ ಹೆಬ್ಬೆರಳನ್ನೇ ಕೇಳಬೇಕಾಗಿತ್ತು. ಕಿಟಕಿಯ ಬೆಳಕೊಂದಿದ್ದರೆ ಬೆರಳೂ ಕಣ್ಣೂ ಕೂಡಿ ಹೇಗೋ ಸಂಸಾರ ತೂಗಿಸುತ್ತಿದ್ದವು. ಅದು ತಪ್ಪಿದ ದಿನ ಉಳಿಯನ್ನು ಕೆಳಗಿಟ್ಟು ಮನೆಗೆ ಹೋಗುವುದೊಂದೇ ದಾರಿ.

ಈ ಗುಟ್ಟು ನರಪಿಳ್ಳೆಗೂ ಗೊತ್ತಿಲ್ಲವೆಂದು ಅವನು ನಂಬಿದ್ದ. ಮೊದಲು ಆ ಮೇಜು ಪಾಲಿಶ್ ಅಕ್ಕನದಾಗಿತ್ತು. ಅವಳು ಒಂದು ದಿನ, "ಈ ಹಾಳು ಗಾಳಿ ನನ್ನ ಕೈಲಿ ತಡೆಯೋಕಾಗಲ್ಲಪ್ಪ" ಎಂದು ಗೊಣಗುತ್ತಾ ಡಬ್ಬಿ, ಬಟ್ಟೆಗಳನ್ನು ಬಾಚಿಕೊಂಡು ಎದ್ದುಹೋಗಿದ್ದಳು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತೆಂದು ಅವನು ಅಲ್ಲಿ ಕುಳಿತಿದ್ದ.

ಹಳೆಯ ಧಣಿ ಶೆಡ್ಡನ್ನು ಕೆಲಸಗಾರರಿಗೇ ಬಿಟ್ಟುಕೊಟ್ಟಾಗ ಅದು ಸಂಘವಾಯಿತು. ಸಂಘವೆಂದ ಮೇಲೆ ನಿಯಮಗಳನ್ನು ಬರೆದುಕೊಡಿ ಎಂದಿತು ಸಂಘಗಳ ನೋಂದಣಿ ಕಚೇರಿ. "ನನ್ನ ತಂಗಿ ಮಗಳು ವಕೀಲಿ ಓದಿದಾಳೆ, ಅವಳೇ ಬರೀತಾಳೆ" ಎಂದು ಎದೆಯುಬ್ಬಿಸಿ ಹೇಳಿದವನು ಕೆತ್ತನೆಗಾರನೇ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಆಮೇಲೆ ತಿಳಿಯಿತು.

ತಂಗಿ ಮಗಳೆಂದರೆ ಸೊಸೆಯೇ; ಅವಳು ಒಂದು ಮೋಡದ ಬೆಳಿಗ್ಗೆ ಬಂದಳು. ಇನ್ನೂ ಬಣ್ಣ ಕಾಣದ ಕುರ್ಚಿಯೊಂದರ ಮೇಲೆ ಕುಳಿತು, "ನಿಮ್ಮ ರೂಢಿಗಳನ್ನೆಲ್ಲ ಇವತ್ತು ಕೋಡಿಫೈ ಮಾಡೋಣ" ಎಂದಳು.

"ಹಾಗಂದ್ರೆ ನಮಗೆಲ್ಲ ಕೋಡು ಮೂಡುತ್ತಾ ಲಾಯರಮ್ಮ?" ಎಂದು ಕೇಳಿದವನು ಗರಗಸದವನು. ಅವನ ದನಿಗೆ ಶೆಡ್ಡಿನವರು ಇಟ್ಟ ಹೆಸರು ಗುಡುಗು.

"ನಿಮಗಾಗ್ಲೇ ಮೂಡಿರಬೇಕು ಚಿಕ್ಕಪ್ಪ, ಟೋಪಿ ತೆಗೀರಿ ನೋಡೋಣ."

ಶೆಡ್ಡು ನಕ್ಕು ಸುಮ್ಮನಾದ ಮೇಲೆ ಅವಳು ಹೇಳಿದಳು: "ಇದು ನಿಮ್ಮ ಕಸುಬಿನ ಪಕ್ಕದಲ್ಲೇ ಹುಟ್ಟಿದ ಮಾತು. ಲ್ಯಾಟಿನ್ನಲ್ಲಿ ಕೋಡೆಕ್ಸ್ ಅಂದ್ರೆ ಮೊದಲು ಮರದ ಕಾಂಡ, ದಿಮ್ಮಿ. ಮರದ ಹಲಗೆಗೆ ಮೇಣ ಬಳಿದು ಅದರ ಮೇಲೆ ಗೀರಿ ಬರೀತಿದ್ರು. ಹಲಗೆಗಳನ್ನ ಒಟ್ಟಿಗೆ ಕಟ್ಟಿದಾಗ ಅದೂ ಕೋಡೆಕ್ಸೇ. ಆಮೇಲೆ ಪುಸ್ತಕಕ್ಕೆ ಆ ಹೆಸರು, ಕೊನೆಗೆ ಕಾನೂನಿನ ಪುಸ್ತಕಕ್ಕೆ."

"ಅಯ್ಯೋ, ದಿನಾ ಎಷ್ಟು ಕಾನೂನು ಸೀಳಿ ಹಾಕಿದೀನೋ ನಾನು!" ಎಂದ ಗುಡುಗು.

"ಕೋಡಿಫೈ ಅನ್ನೋ ಕ್ರಿಯಾಪದ ಮಾತ್ರ ಈಚಿನದು. ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಬ್ಬ ಚಿಂತಕ ಟಂಕಿಸಿದ್ದು. ಕಾನೂನು ನ್ಯಾಯಾಧೀಶರ ತಲೆಯೊಳಗೇ ಇದ್ದುಬಿಟ್ರೆ, ಜನರಿಗೆ ಅದು ಗೊತ್ತಾಗೋದು ಪೆಟ್ಟು ಬಿದ್ದ ಮೇಲೇನೇ ಅಂತ ಅವನಿಗೆ ಸಿಟ್ಟು. ಚೆಲ್ಲಾಪಿಲ್ಲಿಯಾಗಿರೋದನ್ನ ಕೂಡಿಸಿ, ಒಂದು ಕ್ರಮಕ್ಕೆ ತಂದು, ಎಲ್ಲರಿಗೂ ಕಾಣೋ ಹಾಗೆ ಬರೆದಿಡೋದು. ಅಷ್ಟೇ ಅರ್ಥ."

ಕೆಲಸ ಸರಾಗವಾಗಿ ಸಾಗಿತು. ಎರವಲು ಪಡೆದ ಉಳಿಯನ್ನು ಮಸೆದೇ ಹಿಂತಿರುಗಿಸಬೇಕು. ಗರಗಸ ಓಡುತ್ತಿರುವಾಗ ಗರಗಸದವನನ್ನು ಮಾತಾಡಿಸಬಾರದು. "ಅವನೇ ಮಾತಾಡಿದ್ರೆ?" ಎಂದು ಪಾಲಿಶ್ ಅಕ್ಕ ಕೇಳಿದಳು, "ಗರಗಸದ ಸದ್ದೇ ವಾಸಿ" ಎಂದು ತಾನೇ ಉತ್ತರಿಸಿಕೊಂಡಳು.

"ಕಿಟಕಿ ಪಕ್ಕದ ಮೇಜು ಯಾರಿಗೆ, ಯಾವ ಲೆಕ್ಕದಲ್ಲಿ?" ಎಂದು ಸೊಸೆ ಕೇಳಿದಳು.

ಕೆತ್ತನೆಗಾರನ ಉಳಿ ನಿಂತಿತು.

"ಅಲ್ಲಿ ಗಾಳಿ," ಎಂದಳು ಪಾಲಿಶ್ ಅಕ್ಕ. "ಪಾಲಿಶ್ ಮೇಲೆ ಧೂಳು ಕೂರುತ್ತೆ."

"ಪಾಲಿಶಿಗೂ ಬೆಳಕು ಬೇಕಲ್ವಾ ಅಕ್ಕ?"

"ಬೇಕು. ಆದ್ರೆ ಗಾಳಿ."

ಸೊಸೆ ಎದ್ದು ಹೋಗಿ ಕಿಟಕಿಯ ಗಾಜಿನ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಮೇಜಿನ ಮೇಲಿನ ಮರದ ಹೊಟ್ಟು ಅಲುಗಲಿಲ್ಲ. ಇಷ್ಟು ವರ್ಷಗಳಲ್ಲಿ ಕೆತ್ತನೆಗಾರ ಒಮ್ಮೆಯೂ ಅದನ್ನು ಮುಚ್ಚಿ ನೋಡಿರಲಿಲ್ಲ. ಗಾಳಿ ನಿಂತ ಗಳಿಗೆಯಲ್ಲೇ ಮೇಜಿಗೆ ಹಕ್ಕುದಾರರು ಏಳುತ್ತಾರೆಂಬ ಭಯ ಅವನಿಗೆ.

"ಈಗ ಗಾಳಿ ಎಲ್ಲಿದೆ? ಕಾರಣ ಇಲ್ಲದ ರೂಢಿ ಬರೆಯೋಕೆ ಬರಲ್ಲ. ತಿಂಗಳಿಗೊಬ್ಬರಂತೆ ಸರದಿ ಅಂತ ಹಾಕ್ತೀನಿ."

"ಬೇಡ!" ಗುಡುಗು ಗುಡುಗಿದ. ಕಾರಣ ಹುಡುಕಿ ತಡವರಿಸಿದ. "ನಂಗೆ... ನಂಗೆ ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತೆ."

ಹೊರಗೆ ಮೋಡ ಕವಿದಿತ್ತು.

ಆ ಮಾತು ಕೆತ್ತನೆಗಾರನಿಗೆ ಪರಿಚಿತವಾಗಿತ್ತು, ಏಕೆಂದರೆ ಒಂದು ಕಾಲದಲ್ಲಿ ಅದನ್ನು ಆಡಿದವನು ಅವನೇ. ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಇದೇ ಮೇಜಿನಲ್ಲಿ ಕುಳಿತಿದ್ದ. ತೊಟ್ಟಿಲ ಕಾಲು ಕಡೆಯುತ್ತಿದ್ದ ಮುದುಕನೊಬ್ಬನ ಉಳಿ ಪದೇಪದೇ ಗುರಿ ತಪ್ಪುವುದನ್ನು ಕಂಡು, "ಬಿಸಿಲು ಕಣ್ಣಿಗೆ ಹೊಡೆಯುತ್ತೆ ತಾತ, ನೀವೇ ಕೂತ್ಕೊಳ್ಳಿ" ಎಂದು ಎದ್ದುಕೊಟ್ಟಿದ್ದ. ಅಂದೂ ಬಿಸಿಲಿರಲಿಲ್ಲ. ಮುದುಕ ತಾನು ಗೆದ್ದೆನೆಂಬಂತೆ ಮೇಜಿಗೆ ಬಂದಿದ್ದ.

ಹಾಗಾದರೆ ಪಾಲಿಶ್ ಅಕ್ಕನ ಗಾಳಿಯೂ ಅದೇ ಜಾತಿಯದು.

ಅವನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮೇಜಿನಿಂದ ತಲೆಯೆತ್ತಿ ಎಲ್ಲರ ಕಡೆ ತಿರುಗಿದ.

"ನಿಮಗೆಲ್ಲ ಗೊತ್ತಿತ್ತಾ?" ಎಂದ.

ಗುಡುಗು, ತನ್ನ ಜನ್ಮದಲ್ಲೇ ಮೊದಲ ಬಾರಿ ಎಂಬಂತೆ ಮೆಲ್ಲಗೆ, "ಅಣ್ಣ, ಹೋದ ವರ್ಷ ಬಾಗಿಲಿಗೆ ದ್ರಾಕ್ಷಿ ಗೊಂಚಲು ಕೆತ್ತಿದ್ಯಲ್ಲ... ಆ ಮನೆಯವರು ಟೊಮೆಟೊ ಚೆನ್ನಾಗಿ ಬಂದಿದೆ ಅಂದ್ರು" ಎಂದ.

ಮೊದಲು ನಕ್ಕವನು ಕೆತ್ತನೆಗಾರನೇ. ನಗುತ್ತಲೇ ಕಣ್ಣೊರೆಸಿಕೊಂಡು ಸೊಸೆಯ ಕಡೆ ತಿರುಗಿದ.

"ಬರಿ ಮಗಳೇ. ಕಣ್ಣು ಮಂಜಾದವರಿಗೆ ಕಿಟಕಿ ಮೇಜು."

"ಬೇಡಣ್ಣ," ಎಂದಳು ಪಾಲಿಶ್ ಅಕ್ಕ. "ನಾವು ಹೆಂಗೋ ಸುಳ್ಳು ಹೇಳ್ಕೊಂಡು ನಡೆಸಿದ್ವಿ. ಈಗ್ಯಾಕೆ ನಾಲ್ಕು ಜನರ ಮುಂದೆ?"

"ತಾಯಿ, ನೀವು ಕೊಟ್ಟದ್ದು ಬೆಟ್ಟದಷ್ಟು. ಆದ್ರೆ ಕೊಟ್ಟಿದೀವಿ ಅಂತ ನನಗೇ ಹೇಳಲಿಲ್ಲ. ಕಾನೂನು ನಿಮ್ಮ ತಲೆಯೊಳಗೇ ಇತ್ತು. ದಿನಾ ಬೆಳಿಗ್ಗೆ ಇವತ್ತು ಯಾರು ಎಬ್ಬಿಸ್ತಾರೋ ಅಂತ ಹೆದರ್ಕೊಂಡೇ ಬರ್ತಿದ್ದೆ. ನನ್ನ ಹಿಂದೆ ಬರೋರು ಹೆದರಬಾರದು. ಹಾಗೇ, ಗೊತ್ತಿದ್ರೆ ತಾನೇ ನಿಮಗೆ ಒಂದು ದೊಡ್ಡ ನಮಸ್ಕಾರ ಹೇಳೋಕಾಗೋದು."

ಅವನು ಎದ್ದುನಿಂತು ಕೈಮುಗಿದ. ಪಾಲಿಶ್ ಅಕ್ಕ, "ಏ, ಸುಮ್ನಿರಣ್ಣ" ಎಂದು ಡಬ್ಬಿಯೊಳಗೆ ಇಲ್ಲದ ಕಸ ಹುಡುಕತೊಡಗಿದಳು. ಸೊಸೆ ಸರದಿಯ ಸಾಲನ್ನು ಹೊಡೆದುಹಾಕಿ ಹೊಸದನ್ನು ಬರೆದಳು. ಯಾರ ಹೆಸರನ್ನೂ ಹಾಕದೆ, ಕಾರಣವನ್ನು ಮಾತ್ರ ಹಾಕಿ.

ಗುಡುಗು ಕೆಮ್ಮಿದ. "ಹಾಗಾದ್ರೆ ಇನ್ನೊಂದು ಬರೀರಿ ಲಾಯರಮ್ಮ. ಬೆನ್ನು ನೋವಿರೋರು ದಿಮ್ಮಿ ಎತ್ತಬಾರದು."

"ಯಾರಿಗಪ್ಪಾ ಬೆನ್ನು ನೋವು?" ಎಂದಳು ಪಾಲಿಶ್ ಅಕ್ಕ.

"ಯಾರಿಗೋ ಒಬ್ಬರಿಗೆ!"

ಎಲ್ಲರೂ ಅವನನ್ನೇ ನೋಡಿದರು. ಮೂರಾಳಿನ ದಿಮ್ಮಿಯನ್ನು ಒಬ್ಬನೇ ಹೆಗಲಿಗೇರಿಸುತ್ತೇನೆಂದು ಕೊಚ್ಚಿಕೊಳ್ಳುತ್ತಿದ್ದ ಆಸಾಮಿ, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ. ಬಾಗಿಲ ಬಳಿ ಆ ದಿನದ ದಿಮ್ಮಿ ಇನ್ನೂ ಒಳಗೆ ಬಾರದೆ ಬಿದ್ದಿತ್ತು.

ಕೆತ್ತನೆಗಾರ ಉಳಿಯನ್ನು ಕೆಳಗಿಟ್ಟು ಅಂಗಿಯ ತೋಳು ಮಡಚಿಕೊಂಡ.

"ನೀನು ಕೂತ್ಕೋ. ಅಕ್ಕ, ಆ ಕಡೆ ಹಿಡಿ ಬಾ. ನನಗೆ ಮಂಜಾಗಿರೋದು ಕಣ್ಣು, ಭುಜ ಅಲ್ಲ." ಎರಡು ಹೆಜ್ಜೆ ಇಟ್ಟವನು ನಿಂತು, ಯಾವ ಸಂಕೋಚವೂ ಇಲ್ಲದೆ ಕೈ ಮುಂದೆ ಚಾಚಿದ. "ದಿಮ್ಮಿ ತುದಿ ಎಲ್ಲಿದೆ ಅಂತ ಮಾತ್ರ ತೋರಿಸಿ."