ಫೋನಿನಲ್ಲಿ ಬಂದ ಡಾಕ್ಟರು

ಸುಳ್ಳಾದರೆ ನನ್ನ ಕುತ್ತಿಗೆ ಹೋಗಲಿ ಎಂದು ಆಣೆ ಇಡಬಹುದಿತ್ತು. ಆದರೆ ಈ ಕತೆಯಲ್ಲಿ ಒಂದು ಕುತ್ತಿಗೆ ಆಗಲೇ ಹೋಗಿದೆ, ಎರಡನೆಯದು ಬೇಡ. ನಡೆದದ್ದನ್ನೇ ಹೇಳುತ್ತೇನೆ.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ತೂಕದ ಚೀಟಿ ಬರೆಯುವವ. ಡಿಗ್ರಿ ಮುಗಿಸಿ ಉಳಿಸಿಕೊಂಡ ವಿದ್ಯೆ ಒಂದೇ, ಯಾರ ದನಿಯನ್ನಾದರೂ ಕದಿಯುವುದು. ಮುದಿಯಪ್ಪ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಹಮಾಲ. ಚೀಲ ಹೊತ್ತು ಹೊತ್ತು ಕುತ್ತಿಗೆಯ ಎಲುಬುಗಳ ನಡುವಿನ ಡಿಸ್ಕ್ ಸವೆದು, ನರ ಒತ್ತಿ, ಎಡಗೈ ಜೋಮು ಹಿಡಿದಿತ್ತು. ಇಬ್ಬರು ಡಾಕ್ಟರ ಬಳಿ ಅವನನ್ನು ಕರೆದೊಯ್ದವನು ನಾನೇ.

ಕೊಪ್ಪಳದವರು ಡಿಸ್ಕ್ ತೆಗೆದು, ಪಟ್ಟಿ ಮತ್ತು ಸ್ಕ್ರೂ ಹಾಕಿ ಎರಡು ಎಲುಬನ್ನು ಒಂದು ಮಾಡುತ್ತೇನೆ ಎಂದರು. ಆ ಜಾಗ ಮುಂದೆ ಹೊರಳುವುದಿಲ್ಲ, ಚೀಲ ಮರೆತುಬಿಡು ಎಂದೂ ಹೇಳಿದರು. ಗಂಗಾವತಿಯವರು ಹೊರಳುವ ಹೊಸ ಡಿಸ್ಕನ್ನೇ ಕೂರಿಸಬಹುದು ಎಂದರು. ಕೈಜೋಮಿಗೆ ಎರಡರ ಗುಣವೂ ಹೆಚ್ಚುಕಡಿಮೆ ಒಂದೇ. ಮುದಿಯಪ್ಪನಿಗೆ ಬೇಕಿದ್ದ ಉತ್ತರವೇ ಬೇರೆ.

"ಚೀಲ ಹೊರಾಕ ಬರತೈತೇನ್ರಿ ಸಾಹೇಬ್ರ?"

ಸ್ಕ್ಯಾನ್ ಪೂರ್ತಿ ನೋಡಿ ಫೋನ್ ಮಾಡುತ್ತೇನೆ ಎಂದರು ಗಂಗಾವತಿಯವರು.

ಹಮಾಲರ ತಂಡದಲ್ಲಿ ಒಂದು ಕಟ್ಟಳೆಯಿದೆ. ಕಾಯಿಲೆ ಬಿದ್ದವನು ತಿಂಗಳೊಳಗೆ ಮರಳುವುದಾದರೆ ಚೀಲ ಎತ್ತುವ ತನ್ನ ಕೊಕ್ಕೆಯನ್ನು ಗೋಡೆಯ ಮೊಳೆಗೆ ತೂಗುಹಾಕಿ ಹೋಗಬೇಕು. ಮರಳಲಾರದವನು ಮೊದಲೇ ಮನೆಯವರೊಬ್ಬರ ಕೈಗೆ ಕೊಟ್ಟರೆ ಜಾಗ ಅವರದು. ಮೊಳೆಗೇರಿದ್ದನ್ನು ಚೀಲ ಹೊರಲು ಮರಳಿದಾಗಲೇ ಇಳಿಸಬೇಕು, ಮನೆಯವರ ಕೈಗೆ ಕೊಡುವಂತಿಲ್ಲ. ತಿಂಗಳು ಮೀರಿದರೆ ಜಾಗ ತಂಡದ್ದು. ಮುದಿಯಪ್ಪ ತನ್ನ ಜಾಗ ಕೊಡಲೆಂದು ಇರಕಲ್ಲಗಡದಿಂದ ಅಳಿಯ ಮಾಂತೇಶನನ್ನು ಕರೆಸಿದ್ದ.

ಮಾಂತೇಶ ಬಂದ ಮಧ್ಯಾಹ್ನವೇ, ಡಾಕ್ಟರ ದನಿಯಲ್ಲಿ ಮುದಿಯಪ್ಪನಿಗೊಂದು ತಮಾಷೆ ಮಾಡು ಎಂದು ತಂಡದ ಗಾಳೇಶ ನನ್ನನ್ನು ಹುರಿದುಂಬಿಸಿದ. ಹೊಟ್ಟಿನ ರಾಶಿಯ ಹಿಂದೆ ನಿಂತು, ಲಾರಿ ಡ್ರೈವರನ ಫೋನಿನಲ್ಲಿ, ಗಂಗಾವತಿ ಡಾಕ್ಟರ ತೆಲುಗು ಬೆರೆತ ದನಿ ತೆಗೆದೆ.

"ಹೊಸ ಡಿಸ್ಕ್ ಹಾಕ್ಸಂಡಿ ಮುದಿಯಪ್ಪಗಾರೂ. ತಿಂಗಳದಾಗ ಒಂದಲ್ಲ, ಎರಡು ಚೀಲ ಹೊರ್ತೀರಿ."

ಮರುಗಳಿಗೆಯೇ ಗುಟ್ಟು ಬಿಟ್ಟುಕೊಡಬೇಕೆಂದಿದ್ದೆ. ಅಷ್ಟರಲ್ಲಿ ಅವನು ಕಣ್ಣೊರೆಸಿಕೊಳ್ಳುತ್ತ ಒಬ್ಬೊಬ್ಬರ ಕೈ ಹಿಡಿದು ಸುದ್ದಿ ಹೇಳುತ್ತಿದ್ದ. ಎಲ್ಲರ ದನಿ ಬರುವ ನನಗೆ ನನ್ನ ದನಿ ಬರಲಿಲ್ಲ. ಕೊಕ್ಕೆ ಮೊಳೆಗೇರಿತು. ಮಾಂತೇಶ ಊರ ಬಸ್ಸು ಹತ್ತಿದ. ಎರಡು ದಿನದ ಮೇಲೆ ನಿಜವಾದ ಡಾಕ್ಟರು ಫೋನ್ ಮಾಡಿದಾಗ, ಮೊನ್ನೆಯೇ ಹೇಳಿದಿರಲ್ಲ, ಬರುತ್ತೇನೆ ಎಂದು ಮುದಿಯಪ್ಪ ಫೋನ್ ಇಟ್ಟುಬಿಟ್ಟನಂತೆ.

ಆಪರೇಷನ್ ಆಯಿತು, ಜೋಮು ಹೋಯಿತು. ಹೊಲಿಗೆ ಬಿಚ್ಚುವ ದಿನ ಡಾಕ್ಟರು, ಹೊಸ ಡಿಸ್ಕೂ ಚೀಲಕ್ಕಲ್ಲ, ಇನ್ನು ಜನ್ಮದಲ್ಲಿ ಹೊರಬೇಡ ಎಂದರು. ಎರಡು ಚೀಲದ ಮಾತು ತಾವು ಆಡಿಯೇ ಇಲ್ಲ ಎಂದರು. ಮುದಿಯಪ್ಪ ನಿಧಾನವಾಗಿ, ಜೊತೆಗೆ ಹೋಗಿದ್ದ ನನ್ನ ಕಡೆ ನೋಡಿದ. ಕುತ್ತಿಗೆ ಚೆನ್ನಾಗಿಯೇ ಹೊರಳಿತು.

ತಿಂಗಳು ಮೀರಿದ ದಿನ ಅವನು ಗಿರಣಿಗೆ ಬಂದ. ತಂಡದ ಹಿರಿಯ ಜಿಲಾನಸಾಬ ಆಗಲೇ ಕೊಕ್ಕೆ ಇಳಿಸಿ ಗಾಳೇಶನ ತಮ್ಮನಿಗೆ ಕೊಟ್ಟಾಗಿತ್ತು.

"ಕಾಕಾ, ಫೋನ್ ಮಾಡಿದಂವ ನಾನು," ಎಂದೆ, ಎಲ್ಲರೆದುರು.

"ಗೊತ್ತೈತಿ. ಇನ್ನೊಮ್ಮಿ ಮಾಡು. ಇವರೂ ಕೇಳಲಿ."

ಮಾಡಿದೆ. ಗಾರೂ ಎನ್ನುವಾಗ ಒಬ್ಬಿಬ್ಬರು ಮುಸಿಮುಸಿ ನಕ್ಕರು. ಎರಡು ಚೀಲ ಎನ್ನುವಾಗ ಇಡೀ ತಂಡ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುದಿಯಪ್ಪ. ಗಂಟಲ ಮೇಲಿನ ಗಾಯದ ಗೆರೆಯನ್ನು ಅಂಗೈಯಲ್ಲಿ ಒತ್ತಿಹಿಡಿದು, ಅವರೆಲ್ಲ ಲಾರಿಗೆ ಚೀಲ ಏರಿಸಲು ಹೋದ ಮೇಲೂ ನಗುತ್ತಲೇ ಇದ್ದ.