ಮಾನ್ವಿಯ ನಾದಪ್ರಿಯ ಗೆಳೆಯರ ಬಳಗ

ಬಳಗ ಹುಟ್ಟಿದ್ದು ಗಡಿಗೆಪ್ಪನವರ ರೈಸ್ ಮಿಲ್ಲಿನ ಮಹಡಿಯ ಮೇಲೆ. ಮಿಲ್ಲಿನ ಮಾಲೀಕರಾದ ಅವರಿಗೆ ಹಾಡೆಂದರೆ ಜೀವ, ಆದರೆ ಶ್ರುತಿ ಮಾತ್ರ ಎಂದೂ ಒಲಿಯಲಿಲ್ಲ. ಅವರ ಗೆಳೆಯ, ಹೈಸ್ಕೂಲ್ ಮಾಸ್ತರ ಪ್ರಹ್ಲಾದಾಚಾರ್ಯರು ಹಾರ್ಮೋನಿಯಂ ನುಡಿಸುತ್ತ ಹಾಡುವವರು, ರಾಯಚೂರಿನ ತನಕ ಹೆಸರಾದವರು. ತಬಲಾಕ್ಕೆ ಬಟ್ಟೆ ಅಂಗಡಿಯ ಮೀರಾಹುಸೇನ. ಭಾನುವಾರ ಸಂಜೆ ಊರಿನ ಗಂಡಸರು ಅಲ್ಲಿ ಸೇರಿ, ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದು ಹಾಡಲು ಕೂಡುತ್ತಿದ್ದರು. ವ್ಯಾಪಾರ, ರಾಜಕೀಯದ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಬಂದವರೆಲ್ಲ ಒಂದಾದರೂ ಹಾಡಬೇಕು, ಯಾರು ಹೇಗೆ ಹಾಡಿದರೂ ನಗಬಾರದು.

ಹೀಗೆ ಬಹಳ ವರ್ಷ ನಡೆಯಿತು. ಆಮೇಲೆ ಮಾಸ್ತರರಿಗೆ ಗಂಟಲಿನ ಕ್ಯಾನ್ಸರ್ ಬಂತು. ಗಡಿಗೆಪ್ಪನವರೇ ಆಸ್ಪತ್ರೆಗೆ ಓಡಾಡಿದರು. ಜೀವ ಉಳಿಯಿತು, ಧ್ವನಿ ಹೋಯಿತು. ಮಾಸ್ತರರು ಮಹಡಿ ಹತ್ತುವುದನ್ನೇ ಬಿಟ್ಟರು.

ಒಂದು ಮುಂಜಾನೆ ಗಡಿಗೆಪ್ಪನವರು ಅವರ ಮನೆಗೆ ಹೋದರು.

“ಹಾರ್ಮೋನಿಯಂ ಮುಟ್ಟವಲ್ರು ರೀ,” ಎಂದರು ಮಾಸ್ತರರ ಹೆಂಡತಿ ವೆಂಕೂಬಾಯಿ. “ಯಾರಿಗರೆ ಕೊಟ್ಟುಬಿಡು ಅಂತಾರ.”

ಗಡಿಗೆಪ್ಪನವರು ಮಾಸ್ತರರ ಎದುರು ಕೂತು, “ಭಾನುವಾರ ಬರ್ರಿ,” ಎಂದರು.

ಮಾಸ್ತರರು ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸಿದರು: ‘ಹಾಡಾಕ ಬರದವನಿಗೆ ಅಲ್ಲೇನು ಕೆಲಸ?’

“ಹಂಗಂದ್ರ ಇಷ್ಟು ವರ್ಷ ನನಗ ಅಲ್ಲೇನು ಕೆಲಸ ಇತ್ರಿ, ಮಾಸ್ತರ?”

ಮಾಸ್ತರರ ಕಣ್ಣು ತುಂಬಿದವು. ಪಾಟಿ ಒರೆಸಿ ಕೆಳಗಿಟ್ಟರು.

ಭಾನುವಾರ ಬಂದರು. ಮೀರಾಹುಸೇನ ಎದ್ದು ಹೋಗಿ ಅವರ ಕೈಯಿಂದ ಹಾರ್ಮೋನಿಯಂ ಇಸಿದುಕೊಂಡು, ಅವರು ಕೂತ ಮೇಲೆ ಮುಂದಿಟ್ಟ. ಗಡಿಗೆಪ್ಪನವರು ವಚನ ಎತ್ತಿಕೊಂಡು, ಎಂದಿನಂತೆ ಎರಡನೇ ಸಾಲಿಗೇ ದಾರಿ ತಪ್ಪಿದರು. ಜೊತೆಗೆ ನುಡಿಸುತ್ತಿದ್ದ ಮಾಸ್ತರರು ಮುಂದೆ ಹೋಗಲಿಲ್ಲ. ತಪ್ಪಿದ ಆ ಒಂದೇ ಸ್ವರವನ್ನು ಒತ್ತಿ ಹಿಡಿದು, ತಲೆಯಾಡಿಸಿ, ಮತ್ತೆ ಹಾಡಲು ಸನ್ನೆ ಮಾಡಿದರು. ಮತ್ತೆ ತಪ್ಪಿತು. ಮತ್ತೆ ಒತ್ತಿದರು. ಕೊನೆಗೊಮ್ಮೆ ಗಡಿಗೆಪ್ಪನವರ ದನಿ ಆ ಸ್ವರದ ಮೇಲೆ ಹೋಗಿ ನಿಂತಿತು.

“ಹಾ, ಈಗ ಸ್ವರ ಕುಂತಿತು ನೋಡ್ರಿ,” ಎಂದ ಮೀರಾಹುಸೇನ. ಮಾಸ್ತರರು ಮುಖವರಳಿಸಿ ಮುಂದಿನ ಸಾಲಿಗೆ ಬೆರಳು ಹರಿಸಿದರು.

ಅಲ್ಲಿಂದ ಮುಂದೆ ಅವರು ಹೀಗೇ ಹಾರ್ಮೋನಿಯಂ ಮೇಲೆ ಹಾಡು ಕಲಿಸಲು ಶುರುಮಾಡಿದರು. ಸಿರವಾರದಿಂದ, ದೇವದುರ್ಗದಿಂದ ಜನ ಬರತೊಡಗಿದರು. ಹೋದ ವರ್ಷ ದೇವದುರ್ಗದವರು ತಮ್ಮದೇ ಬಳಗ ಕಟ್ಟಿ, ಮೊದಲ ಬೈಠಕ್ಕಿಗೆ ಮಾಸ್ತರರನ್ನು ಕರೆದೊಯ್ದು ನಡುವೆ ಕೂಡಿಸಿದರು. ಎಲ್ಲರ ಹಾಡು ಮುಗಿದರೂ ಅವರ ಬೆರಳು ನಿಲ್ಲಲಿಲ್ಲ.

ಊರಿಗೆ ಹೊರಡಲು ಕಾರಿನ ಹತ್ತಿರ ಕಾಯುತ್ತಿದ್ದ ಗಡಿಗೆಪ್ಪನವರಿಗೆ, ಜೊತೆಗೆ ಬಂದಿದ್ದ ವೆಂಕೂಬಾಯಿ ಹೇಳಿದರು: “ಅವಸರ ಮಾಡಬ್ಯಾಡ್ರಿ. ಇನ್ನೊಂದಿಷ್ಟು ನುಡಸ್ಲಿ.”